ಸೀಸದ ಅದಿರು ಯಾವ ಹಡಗು ಹತ್ತಿತು? 19ನೇ ಶತಮಾನದ ಗಣಿ ಕಂಪನಿಯ ರವಾನೆ ಕಾಗದ ಹುಡುಕುವ ದಾರಿ

ಕೆಜಿಎಫ್ ಬಗ್ಗೆ ಏನಾದರೂ ಬರೆದರೆ ಸಾಕು, ವಾರದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ: 'ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರಕ್ಕೆ ಬರುವ ಮೊದಲು ಏನು ಮಾಡುತ್ತಿದ್ದರು? ಅವರ ಹಳೆ ಗಣಿಗಳ ಹಡಗು ಲೆಕ್ಕ ಎಲ್ಲಿ ಸಿಗುತ್ತದೆ?' ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. 1880ರಲ್ಲಿ ಶುರುವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಮೇಲ್ವಿಚಾರಣೆ ಮಾಡಿದ ಈ ಸಂಸ್ಥೆ ತಾಮ್ರ ಮತ್ತು ಸೀಸದ ಗಣಿಗಳಲ್ಲಿ ಕೈ ಪಳಗಿಸಿಕೊಂಡಿತ್ತು. ಮೂಲ ಪುರುಷ ಜಾನ್ ಟೇಲರ್ (1779–1863) ಕೋಲಾರವನ್ನು ನೋಡಲೇ ಇಲ್ಲ. ಆದರೆ 1834ರಲ್ಲಿ ಅವರು ಪಶ್ಚಿಮ ವೇಲ್ಸ್‌ನ ಕಾರ್ಡಿಗನ್‌ಶೈರ್‌ನಲ್ಲಿ ಲಿಸ್ಬರ್ನ್ ಅರ್ಲ್ ಎಂಬ ಜಮೀನ್ದಾರರ ಜಾಗದಲ್ಲಿ ಸೀಸದ ಗಣಿಗಳನ್ನು ಗುತ್ತಿಗೆಗೆ ಹಿಡಿದರು. ಅವಕ್ಕೆ ಲಿಸ್ಬರ್ನ್ ಗಣಿಗಳು ಎಂದೇ ಹೆಸರು. ಫ್ರಾಂಗೋಕ್, ಲಾಗೌಲಾಸ್ ಅದರಲ್ಲಿ ದೊಡ್ಡವು.

ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ಬೇಸರ ತರಿಸುವಂಥದ್ದು. 'ಕಂಪನಿಯ ಹಡಗು ರಿಜಿಸ್ಟರ್' ಅಂತ ಒಂದೇ ಪುಸ್ತಕ ಸಿಗುತ್ತದೆ ಎಂದುಕೊಂಡು ಹೊರಟರೆ ಬರಿಗೈಲಿ ವಾಪಸ್ ಬರುತ್ತೀರಿ. ಗಣಿಯವರು ಮಾರಿದ್ದು ಒಂದು ಕಾಗದದಲ್ಲಿ ಇರುತ್ತದೆ, ಹಡಗು ಹೊರಟಿದ್ದು ಇನ್ನೊಂದರಲ್ಲಿ, ಹಡಗಿನಲ್ಲಿ ಯಾರಿದ್ದರು ಎಂಬುದು ಮೂರನೆಯದರಲ್ಲಿ. ಈ ಮೂರನ್ನೂ ದಿನಾಂಕ ಮತ್ತು ತೂಕ ಹಿಡಿದು ಹೊಲಿಯಬೇಕು. ಹೊಲಿಗೆ ನಿಮ್ಮದೇ.

ಶುರುವಿಗೆ ಮೊದಲು ಏನು ಬೇಕು?

ಇಂಟರ್ನೆಟ್, ಒಂದು ಸ್ಪ್ರೆಡ್‌ಶೀಟ್, ತಾಳ್ಮೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಸಬಹುದು. ಉಳಿದದ್ದಕ್ಕೆ ಎರಡು ಪತ್ರಾಗಾರಗಳ ಕಡೆ ಮುಖ ಮಾಡಬೇಕು: ಅಬರಿಸ್ಟ್ವಿತ್ ಪಟ್ಟಣದಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ, ಮತ್ತು ಲಂಡನ್ ಹತ್ತಿರ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ನೀವೇ ಹೋಗಬಹುದು, ಅಲ್ಲಿರುವ ನೆಂಟರನ್ನು ಕಳಿಸಬಹುದು, ಇಲ್ಲವೇ ದುಡ್ಡು ಕೊಟ್ಟು ನಕಲು ತರಿಸಬಹುದು. ಅದಕ್ಕೆ ಕೈ ಹಾಕುವ ಮೊದಲು ಮನೆಯಲ್ಲೇ ಆಗುವ ಕೆಲಸ ಮುಗಿಸಿ. ಇಲ್ಲದಿದ್ದರೆ ಬೇಡದ ಪುಟಗಳಿಗೆ ದುಡ್ಡು ಕೊಡುತ್ತೀರಿ.

ಹಂತ 1: ಒಂದು ಗಣಿ, ಒಂದು ಬಂದರು, ಮೂರು ವರ್ಷ

'19ನೇ ಶತಮಾನ ಪೂರ್ತಿ ನೋಡುತ್ತೇನೆ' ಎಂದು ಹೊರಟವರು ಯಾರೂ ಮುಗಿಸಿದ್ದನ್ನು ನಾನು ಕಂಡಿಲ್ಲ. ಚಿಕ್ಕದಾಗಿ ಹಿಡಿಯಿರಿ.

ಲಿಸ್ಬರ್ನ್ ಗಣಿಗಳಿಗೆ ಬಂದರು ಅಬರಿಸ್ಟ್ವಿತ್. ಕಾರಣ ಸರಳ. ಕಾರ್ಡಿಗನ್‌ಶೈರ್‌ನಲ್ಲಿ ಸೀಸವಿತ್ತು, ಕಲ್ಲಿದ್ದಲು ಇರಲಿಲ್ಲ. ಅದಿರು ಕರಗಿಸಲು ರಾಶಿ ರಾಶಿ ಕಲ್ಲಿದ್ದಲು ಬೇಕು. ಹಾಗಾಗಿ ಕಲ್ಲಿದ್ದಲನ್ನು ಬೆಟ್ಟಕ್ಕೆ ಹತ್ತಿಸುವ ಬದಲು ಅದಿರನ್ನೇ ಕಲ್ಲಿದ್ದಲಿನ ಊರಿಗೆ ಕಳಿಸುತ್ತಿದ್ದರು. ಗಣಿಯಿಂದ ಕುದುರೆ ಗಾಡಿಯಲ್ಲಿ ಧಕ್ಕೆಗೆ, ಧಕ್ಕೆಯಿಂದ ಚಿಕ್ಕ ಹಾಯಿಹಡಗಿನಲ್ಲಿ ಉತ್ತರಕ್ಕೆ ಡೀ ನದಿಯ ಮುಖದಲ್ಲಿರುವ ಬ್ಯಾಗಿಲ್ಟ್‌ಗೆ, ಇಲ್ಲವೇ ದಕ್ಷಿಣಕ್ಕೆ ಲನೆಲ್ಲಿಗೆ ಅಥವಾ ಬ್ರಿಸ್ಟಲ್‌ಗೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳನ್ನು ನೋಡಿದವರಿಗೆ ಚಿತ್ರ ಸಿಕ್ಕಿಬಿಡುತ್ತದೆ. ಸಮುದ್ರ ದಾಟುವ ದೈತ್ಯ ಹಡಗುಗಳಲ್ಲ ಇವು. ಕರಾವಳಿ ಹಿಡಿದು ಓಡಾಡುವ, ನಾಲ್ಕೈದು ಜನ ನಡೆಸುವ ಹಡಗುಗಳು.

ಇನ್ನು ವರ್ಷ. ನನ್ನ ಸಲಹೆ 1858ರಿಂದ 1860. ಯಾಕೆ ಗೊತ್ತಾ? ಹಡಗಿಗೆ ಅಧಿಕೃತ ಸಂಖ್ಯೆ ಕೊಡುವ ಪದ್ಧತಿ ಬಂದದ್ದು 1855ರಲ್ಲಿ. ಅಬರಿಸ್ಟ್ವಿತ್ ಅಬ್ಸರ್ವರ್ ಎಂಬ ಸ್ಥಳೀಯ ಪತ್ರಿಕೆ ಶುರುವಾದದ್ದು 1858ರಲ್ಲಿ. ಹಡಗು ಸಿಬ್ಬಂದಿಯ ಪಟ್ಟಿಗಳು 1860ರವರೆಗೆ ಕ್ಯೂನಲ್ಲಿ ಒಟ್ಟಿಗಿವೆ, ಆಮೇಲೆ ಚೆಲ್ಲಾಪಿಲ್ಲಿ. ಅಬರಿಸ್ಟ್ವಿತ್‌ಗೆ ರೈಲು ಬಂದದ್ದು 1864ರಲ್ಲಿ. ಅಂದರೆ ಈ ಮೂರು ವರ್ಷಗಳಲ್ಲಿ ಅದಿರಿಗೆ ಹಡಗು ಬಿಟ್ಟರೆ ಗತಿಯಿಲ್ಲ, ನಿಮಗೆ ಬೇಕಾದ ಎಲ್ಲ ಬಗೆಯ ಕಾಗದವೂ ಇದೆ. ಇಲ್ಲಿ ಕೈ ಕುದುರಿದ ಮೇಲೆ ಹಿಂದಕ್ಕೋ ಮುಂದಕ್ಕೋ ಹೋಗಿ.

ಎಚ್ಚರ: 1864ರ ನಂತರದ ವರ್ಷ ಹಿಡಿದು 'ಹಡಗೇ ಸಿಗುತ್ತಿಲ್ಲ, ಗಣಿ ಮುಚ್ಚಿರಬೇಕು' ಎಂದು ತೀರ್ಮಾನಿಸಬೇಡಿ. ಗಣಿ ನಡೆಯುತ್ತಲೇ ಇತ್ತು. ಅದಿರು ರೈಲು ಹತ್ತಿರಬಹುದು, ಅಷ್ಟೇ.

ಹಂತ 2: ಹೆಸರುಗಳ ಪಟ್ಟಿ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಓಡುವವರೇ ಜಾಸ್ತಿ. ಆಮೇಲೆ 'ಏನೂ ಇಲ್ಲ' ಎಂದು ಬರೆಯುತ್ತಾರೆ.

ಅಬರಿಸ್ಟ್ವಿತ್ ಹೆಸರಿನ ಕೊನೆಯ ಭಾಗದಲ್ಲಿ ಈಗ 'ವೈ' ಅಕ್ಷರವಿದೆ. 19ನೇ ಶತಮಾನದ ಇಂಗ್ಲಿಷ್ ಕಾಗದಗಳಲ್ಲಿ ಅದೇ ಜಾಗದಲ್ಲಿ 'ಐ' ಬರೆಯುವುದೇ ರೂಢಿ. ಈಗಿನ ಕಾಗುಣಿತ ಹಾಕಿ ಹುಡುಕಿದರೆ ಅರ್ಧ ಫಲಿತಾಂಶ ಕೈತಪ್ಪುತ್ತದೆ. ಫ್ರಾಂಗೋಕ್ ಹೆಸರು ಒಂದು ಪದವಾಗಿಯೂ ಎರಡು ಪದವಾಗಿಯೂ ಬರುತ್ತದೆ. ವೆಲ್ಷ್ ಭಾಷೆಯಲ್ಲಿ 'ಎಫ್' ಅಕ್ಷರವನ್ನು 'ವ' ಎಂದು ಓದುವುದರಿಂದ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ 'ವಿ'ಯಿಂದ ಶುರು ಮಾಡಿ ಬರೆದದ್ದೂ ಉಂಟು. ಲಾಗೌಲಾಸ್, ಲಾಗಿಲಾಸ್ ಎರಡೂ ಒಂದೇ ಗಣಿ. ಬೆಂಗಳೂರು ಬ್ಯಾಂಗಲೋರ್ ಆದಂತೆ, ಮಡಿಕೇರಿ ಮರ್ಕೇರಾ ಆದಂತೆ. ನಮಗೇನು ಹೊಸದಲ್ಲ, ಅಲ್ವಾ?

ಅದಿರು ಕೊಳ್ಳುವವರ ಹೆಸರೂ ಪಟ್ಟಿಯಲ್ಲಿರಲಿ. ಇವರನ್ನು ಸ್ಮೆಲ್ಟರ್ ಎನ್ನುತ್ತಾರೆ, ಅಂದರೆ ಅದಿರು ಕರಗಿಸಿ ಲೋಹ ತೆಗೆಯುವವರು. ವಾಕರ್ ಪಾರ್ಕರ್, ನ್ಯೂಟನ್ ಕೀಟ್ಸ್ (ಇವೆರಡೂ ಬ್ಯಾಗಿಲ್ಟ್ ಕಡೆಯವು), ಬ್ರಿಸ್ಟಲ್‌ನ ಪ್ಯಾಂಥರ್ ಲೆಡ್ ಕಂಪನಿ, ಲನೆಲ್ಲಿಯ ಸಿಮ್ಸ್ ವಿಲಿಯಮ್ಸ್ ನೆವಿಲ್. ಕೊಂಡವರು ಯಾರೆಂದು ಗೊತ್ತಾದರೆ ಹಡಗು ಯಾವ ದಿಕ್ಕಿಗೆ ಹೊರಟಿರಬೇಕು ಎಂದು ಅಂದಾಜಾಗುತ್ತದೆ. ಇದು ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಹಂತ 3: ಮಾರಾಟದಿಂದ ಶುರು ಮಾಡಿ, ಹಡಗಿನಿಂದಲ್ಲ

ಎಲ್ಲರೂ ಹಡಗಿನಿಂದ ಶುರು ಮಾಡುತ್ತಾರೆ. ಅದು ತಲೆಕೆಳಗು. ಹಡಗಿನ ಕಾಗದದಲ್ಲಿ ಗಣಿಯ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಮಾರಾಟದ ಪಟ್ಟಿಯಲ್ಲಿ ಇರುತ್ತದೆ.

ಲಂಡನ್ನಿನಿಂದ 1835ರಿಂದ ಪ್ರತಿವಾರ ಹೊರಬರುತ್ತಿದ್ದ ಮೈನಿಂಗ್ ಜರ್ನಲ್ ಪತ್ರಿಕೆಯಲ್ಲಿ ಅದಿರು ಮಾರಾಟದ ಪಟ್ಟಿ ಹಾಕುತ್ತಿದ್ದರು. ಗಣಿಯ ಹೆಸರು, ಎಷ್ಟು ಟನ್, ಟನ್ನಿಗೆ ಎಷ್ಟು ಪೌಂಡ್–ಶಿಲ್ಲಿಂಗ್–ಪೆನ್ಸ್, ಕೊಂಡವರು ಯಾರು. ಈ ಮಾರಾಟಕ್ಕೆ 'ಟಿಕೆಟಿಂಗ್' ಎಂಬ ಮಾತು ಬರುತ್ತದೆ. ಹೆದರಬೇಡಿ. ಕೊಳ್ಳುವವರು ತಮ್ಮ ಬೆಲೆಯನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಜಾಸ್ತಿ ಬರೆದವರಿಗೆ ಮಾಲು. ನಮ್ಮ ಅಡಿಕೆ ಮಂಡಿಯ ಟೆಂಡರ್ ನೋಡಿದವರಿಗೆ ಇದು ಪರಿಚಿತವೇ. ಹೀಗೆ ಒಟ್ಟಾಗಿ ಮಾರುವ ಒಂದು ರಾಶಿಗೆ 'ಪಾರ್ಸೆಲ್' ಎನ್ನುತ್ತಾರೆ. ಅಂಚೆ ಪಾರ್ಸೆಲ್ ಅಲ್ಲ, ಲಾಟು.

ಮೂರು ವರ್ಷದ ಮಾರಾಟಗಳನ್ನು ಒಂದೊಂದು ಸಾಲಾಗಿ ಶೀಟಿಗೆ ಇಳಿಸಿ. ಗಣಿ, ಮಾರಾಟದ ದಿನ, ಪತ್ರಿಕೆಯ ದಿನ, ಟನ್, ಬೆಲೆ, ಕೊಂಡವರು. ಮಾರಾಟದ ದಿನ ಬೇರೆ, ಪತ್ರಿಕೆಯ ದಿನ ಬೇರೆ. ಎರಡಕ್ಕೂ ಬೇರೆ ಕಾಲಂ ಇಡಿ.

ಇದನ್ನು ತಾಳೆ ನೋಡಲು ಇನ್ನೊಂದು ದಾಖಲೆ ಇದೆ. 1845ರಿಂದ ಗಣಿ ದಾಖಲೆಗಳ ಉಸ್ತುವಾರಿಯಾಗಿದ್ದ ರಾಬರ್ಟ್ ಹಂಟ್ ಎಂಬ ಅಧಿಕಾರಿ ಬ್ರಿಟನ್ನಿನ ಖನಿಜ ಅಂಕಿಅಂಶಗಳನ್ನು ವರ್ಷವರ್ಷ ಪ್ರಕಟಿಸಿದರು. ಪ್ರತಿ ಗಣಿಯ ವರ್ಷದ ಸೀಸದ ಅದಿರು, ಅದರಿಂದ ಬಂದ ಸೀಸ, ಬೆಳ್ಳಿ ಎಲ್ಲವೂ ಅದರಲ್ಲಿ ಸಿಗುತ್ತದೆ. ನಿಮ್ಮ ಮಾರಾಟದ ಸಾಲುಗಳನ್ನು ಕೂಡಿಸಿದರೆ ಹಂಟ್ ಕೊಟ್ಟ ಮೊತ್ತದ ಹತ್ತಿರ ಬರಬೇಕು. ತೀರಾ ಕಡಿಮೆ ಬಂದರೆ ನೀವು ಕೆಲವು ವಾರಗಳ ಪತ್ರಿಕೆ ಬಿಟ್ಟಿದ್ದೀರಿ.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಹಲವು ಗಣಿಗಳನ್ನು ಸೇರಿಸಿ ಬರೀ 'ಲಿಸ್ಬರ್ನ್ ಗಣಿಗಳು' ಎಂದು ಒಂದೇ ಅಂಕಿ ಕೊಟ್ಟಿರಬಹುದು. ಎರಡು, ಅದಿರಿನ ಕಾಲಂ ಮತ್ತು ಲೋಹದ ಕಾಲಂ ಪಕ್ಕಪಕ್ಕದಲ್ಲಿರುತ್ತವೆ. ಗಲೀನಾ ಎಂಬ ಸೀಸದ ಅದಿರು ಅಪ್ಪಟವಾಗಿದ್ದರೂ ಅದರಲ್ಲಿ ಸೀಸ ನೂರಕ್ಕೆ 86ರಷ್ಟು ಮಾತ್ರ. ತಪ್ಪು ಕಾಲಂ ಹಿಡಿದರೆ ಲೆಕ್ಕ ಎಂದೂ ಕೂಡುವುದಿಲ್ಲ. ಅಬರಿಸ್ಟ್ವಿತ್‌ನಿಂದ ಹೊರಟದ್ದು ಅದಿರು ಎಂಬುದು ನೆನಪಿರಲಿ.

ಹಂತ 4: ಧಕ್ಕೆಗೆ ಬನ್ನಿ

ಈಗ ಹಡಗು. ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ನಡೆಸುವ ವೆಲ್ಷ್ ನ್ಯೂಸ್‌ಪೇಪರ್ಸ್ ಆನ್‌ಲೈನ್ ಎಂಬ ತಾಣದಲ್ಲಿ 1919ರವರೆಗಿನ ಪತ್ರಿಕೆಗಳನ್ನು ಬಿಟ್ಟಿಯಾಗಿ ಓದಬಹುದು. ಅಬರಿಸ್ಟ್ವಿತ್ ಅಬ್ಸರ್ವರ್ ಅಲ್ಲಿದೆ. ಸ್ವಾನ್ಸಿಯಿಂದ 1804ರಿಂದ ಬರುತ್ತಿದ್ದ ಕೇಂಬ್ರಿಯನ್ ಕೂಡ ಇದೆ. ಹಡಗು ಸುದ್ದಿಯ ಅಂಕಣದಲ್ಲಿ ಬಂದವು, ಹೋದವು ಎಂದು ಎರಡು ಭಾಗ. ಹಡಗಿನ ಹೆಸರು, ಕಪ್ತಾನನ ಅಡ್ಡಹೆಸರು, ಊರು, ಕೆಲವೊಮ್ಮೆ ಸರಕು.

ಹುಡುಕುವ ಪೆಟ್ಟಿಗೆಯಲ್ಲಿ 'ಸೀಸದ ಅದಿರು' ಎಂಬುದರ ಇಂಗ್ಲಿಷ್ ಪದ ಹಾಕಿ ಕೂರಬೇಡಿ. ಮಸುಕಾದ ಅಚ್ಚನ್ನು ಯಂತ್ರ ಓದಿದೆ. 'ಲೆಡ್' ಅನ್ನು 'ಲೋಡ್' ಎಂದು ಓದಿರುತ್ತದೆ. ಜೊತೆಗೆ, ಒಂದರ ಕೆಳಗೊಂದು ಹಡಗು ಅದೇ ಸರಕು ಒಯ್ದರೆ ಪತ್ರಿಕೆಯವರು ಪದವನ್ನು ಮತ್ತೆ ಬರೆಯದೆ 'ಡಿಟ್ಟೊ' ಗುರುತು ಹಾಕುತ್ತಿದ್ದರು. ನಮ್ಮ ಕಚೇರಿ ಕನ್ನಡದ 'ಸದರಿ' ಇದ್ದಂತೆ. ಹಾಗಾಗಿ ಪದ ಹುಡುಕುವುದಕ್ಕಿಂತ, ಮಾರಾಟದ ದಿನದ ನಂತರದ ಎಂಟು ವಾರದ ಸಂಚಿಕೆಗಳನ್ನು ಒಂದೊಂದಾಗಿ ತೆರೆದು ಅದೇ ಅಂಕಣವನ್ನು ಕಣ್ಣಾರೆ ಓದಿ. ಬೇಜಾರಿನ ಕೆಲಸ. ಆದರೆ ಒಂದು ಸಂಚಿಕೆಗೆ ಎರಡು ನಿಮಿಷ ಸಾಕು, ಜಾಗ ಒಮ್ಮೆ ಗೊತ್ತಾದರೆ.

ಮಾರಾಟಕ್ಕೂ ಹಡಗು ಹೊರಡುವುದಕ್ಕೂ ವಾರಗಟ್ಟಲೆ ಅಂತರ ಇರಬಹುದು. ಅಬರಿಸ್ಟ್ವಿತ್ ಬಂದರು ನದಿಯ ಅಳಿವೆಯಲ್ಲಿದೆ. ಅಳಿವೆ ಬಾಗಿಲಲ್ಲಿ ಮರಳು ದಿಬ್ಬ. ಉಬ್ಬರ ಬೇಕು, ಗಾಳಿ ಸರಿಯಿರಬೇಕು. ಚಳಿಗಾಲದಲ್ಲಿ ಹಡಗು ತುಂಬಿಕೊಂಡು ಗಾಳಿಗಾಗಿ ಕಾಯುತ್ತಾ ನಿಲ್ಲುವುದು ಮಾಮೂಲು. ಗಂಗೊಳ್ಳಿಯವರಿಗೋ ಹೊನ್ನಾವರದವರಿಗೋ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಒಂದು ಲಾಟು ಅಂದರೆ ಒಂದು ಹಡಗು ಎಂದು ಭಾವಿಸಬೇಡಿ. ದೊಡ್ಡ ಲಾಟು ಎರಡು ಮೂರು ಹಡಗಿಗೆ ಹಂಚಿಹೋಗಬಹುದು. ಒಂದೇ ಹಡಗು ಎರಡು ಕಂಪನಿಯ ಅದಿರನ್ನೂ ಒಯ್ಯಬಹುದು. ಶೀಟಿನಲ್ಲಿ ಮಾರಾಟಕ್ಕೆ ಒಂದು ಹಾಳೆ, ಹಡಗಿಗೆ ಇನ್ನೊಂದು ಹಾಳೆ ಇಟ್ಟು, ನಡುವೆ ಸಂಖ್ಯೆ ಕೊಟ್ಟು ಜೋಡಿಸಿ. ಒಂದೇ ಸಾಲಿಗೆ ಎರಡನ್ನೂ ತುರುಕಿದರೆ ಮೂರನೇ ತಿಂಗಳಲ್ಲಿ ಅಳುವಂತಾಗುತ್ತದೆ.

ಹಂತ 5: ಹಡಗಿನ ಗುರುತು ಹಿಡಿಯುವುದು

'ಮೇರಿ ಆ್ಯನ್' ಎಂಬ ಹಡಗು ಸಿಕ್ಕಿತು ಎನ್ನಿ. ಕುಣಿಯಬೇಡಿ. ಆ ಕಾಲದಲ್ಲಿ ಆ ಹೆಸರಿನ ಹಡಗುಗಳು ಲೆಕ್ಕವಿಲ್ಲದಷ್ಟಿದ್ದವು. ಕಪ್ತಾನ ಜೋನ್ಸ್ ಎಂದಿದ್ದರೂ ಉಪಯೋಗವಿಲ್ಲ. ವೇಲ್ಸ್ ಕರಾವಳಿಯಲ್ಲಿ ಜೋನ್ಸ್, ಡೇವಿಸ್, ಎವಾನ್ಸ್ ಅಂದರೆ ನಮ್ಮಲ್ಲಿ ಗೌಡ, ಶೆಟ್ಟಿ ಎಂದಂತೆ.

ಇಲ್ಲಿ ಕೈ ಹಿಡಿಯುವುದು ಅಧಿಕೃತ ಸಂಖ್ಯೆ. 1854ರ ಹಡಗು ಕಾಯ್ದೆಯ ಪ್ರಕಾರ ನೋಂದಾದ ಪ್ರತಿ ಹಡಗಿಗೂ ಒಂದು ಸಂಖ್ಯೆ ಕೊಟ್ಟರು. ಅದನ್ನು ಹಡಗಿನ ಮುಖ್ಯ ತೊಲೆಯಲ್ಲಿ ಕೆತ್ತುತ್ತಿದ್ದರು. ಮಾಲೀಕ ಬದಲಾದರೂ, ಹೆಸರು ಬದಲಾದರೂ, ನೋಂದಣಿ ಬಂದರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಮರ್ಕೆಂಟೈಲ್ ನೇವಿ ಲಿಸ್ಟ್ ಎಂಬ ವಾರ್ಷಿಕ ಪಟ್ಟಿಯಲ್ಲಿ ಹೆಸರು ಹಿಡಿದು ಸಂಖ್ಯೆ ಹುಡುಕಬಹುದು. ಕ್ರ್ಯೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ತಾಣದಲ್ಲಿ ಈ ಹುಡುಕಾಟ ಸುಲಭ.

ಒಂದೇ ಹೆಸರಿನ ಹತ್ತು ಹಡಗು ಬಂದರೆ ಹೀಗೆ ಜರಡಿ ಹಿಡಿಯಿರಿ. ಸುತ್ತಮುತ್ತಲ ಬಂದರುಗಳಲ್ಲಿ ನೋಂದಾದವನ್ನು ಮೊದಲು ನೋಡಿ. ಸರಕಿನ ತೂಕಕ್ಕೆ ತೀರಾ ದೊಡ್ಡವು, ತೀರಾ ಚಿಕ್ಕವನ್ನು ಬಿಡಿ. ಉಳಿದ ಎರಡು ಮೂರನ್ನು ಸಿಬ್ಬಂದಿ ಪಟ್ಟಿಯಲ್ಲಿ ಪರೀಕ್ಷಿಸಿ. ನೋಂದಣಿ ಊರು ಬೇರೆ, ಸರಕು ಹತ್ತಿಸಿದ ಊರು ಬೇರೆ ಇರಬಹುದು ಎಂಬುದನ್ನು ಮರೆಯಬೇಡಿ. ಕೆಎ 19 ನಂಬರಿನ ಲಾರಿ ರಾಯಚೂರಿನಲ್ಲಿ ಭತ್ತ ತುಂಬುವುದಿಲ್ಲವೇ?

ಸಿಬ್ಬಂದಿ ಪಟ್ಟಿ ಅಂದರೆ ಕಪ್ತಾನ ಸರ್ಕಾರಕ್ಕೆ ಒಪ್ಪಿಸಬೇಕಿದ್ದ ಕಾಗದ. ಕರಾವಳಿ ಹಡಗುಗಳು ಆರು ತಿಂಗಳಿಗೊಮ್ಮೆ, ಜೂನ್ 30 ಮತ್ತು ಡಿಸೆಂಬರ್ 31ಕ್ಕೆ ಮುಗಿಯುವ ಲೆಕ್ಕ ಕೊಡುತ್ತಿದ್ದವು. ಅದರಲ್ಲಿ ಯಾವ ದಿನ ಯಾವ ಬಂದರು ಬಿಟ್ಟಿತು, ಯಾವ ದಿನ ಎಲ್ಲಿ ತಲುಪಿತು ಎಂದು ಇರುತ್ತದೆ. ನಾವಿಕರ ಹೆಸರು, ವಯಸ್ಸು, ಹುಟ್ಟೂರೂ ಇರುತ್ತದೆ. ಸರಕು ಏನು ಎಂದು? ಇರುವುದಿಲ್ಲ! ಇಲ್ಲೇ ಎಷ್ಟೋ ಜನ ನಿರಾಶರಾಗಿ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಸರಕು ನಿಮಗೆ ಹಂತ 3 ಮತ್ತು 4ರಿಂದ ಗೊತ್ತಿದೆ. ಇಲ್ಲಿ ನಿಮಗೆ ಬೇಕಾದ್ದು ದಿನಾಂಕ ಮತ್ತು ದಿಕ್ಕು ಮಾತ್ರ. ಬ್ಯಾಗಿಲ್ಟ್‌ನವರು ಕೊಂಡ ಅದಿರು, ಪತ್ರಿಕೆಯಲ್ಲಿ ಹೊರಟ ಹಡಗು, ಅದೇ ವಾರ ಡೀ ನದಿಗೆ ತಲುಪಿದ ಸಾಲು. ಮೂರೂ ಕೂಡಿದರೆ ಹಡಗು ಸಿಕ್ಕಿತು.

ಪಟ್ಟಿಗಳು ಎಲ್ಲಿವೆ ಎಂಬುದು ವರ್ಷದ ಮೇಲೆ ಹೋಗುತ್ತದೆ:

– 1835ರಿಂದ 1860: ಕ್ಯೂನಲ್ಲಿ, ಬಿಟಿ 98 ಎಂಬ ಸರಣಿ. 1857ಕ್ಕೆ ಮೊದಲಿನವು ನೋಂದಣಿ ಬಂದರಿನ ಪ್ರಕಾರ, ಆಮೇಲಿನವು ಅಧಿಕೃತ ಸಂಖ್ಯೆಯ ಪ್ರಕಾರ ಕಟ್ಟಿಟ್ಟಿದ್ದಾರೆ.

– 1861ರ ನಂತರ: ನೂರಕ್ಕೆ ಹತ್ತರಷ್ಟು ಮಾತ್ರ ಕ್ಯೂನಲ್ಲಿ, ಬಿಟಿ 99 ಸರಣಿಯಲ್ಲಿ. 1861, 1862 ಮತ್ತು 5ರಿಂದ ಕೊನೆಯಾಗುವ ವರ್ಷಗಳ ಉಳಿದವು ಗ್ರೀನಿಚ್‌ನ ನೌಕಾ ಸಂಗ್ರಹಾಲಯದಲ್ಲಿ. ಮಿಕ್ಕ ವರ್ಷಗಳದ್ದರಲ್ಲಿ ಸ್ವಲ್ಪ ಸ್ಥಳೀಯ ಪತ್ರಾಗಾರಗಳಿಗೆ ಹೋಯಿತು. ಬಹುಪಾಲು ಸೀದಾ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ, ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯಕ್ಕೆ.

– ಅಬರಿಸ್ಟ್ವಿತ್‌ನಲ್ಲಿ ನೋಂದಾದ ಹಡಗುಗಳ ಪಟ್ಟಿಗಳ ದೊಡ್ಡ ಸಂಗ್ರಹ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲೇ ಇದೆ.

1858–1860 ಹಿಡಿಯಿರಿ ಎಂದು ಯಾಕೆ ಹೇಳಿದೆ ಎಂದು ಈಗ ಅರ್ಥವಾಯಿತಲ್ಲ?

ಹೋಗುವ ದಾರಿ ಮಾತ್ರ ನೋಡಿ ಬಿಡಬೇಡಿ, ಬರುವ ದಾರಿಯನ್ನೂ ನೋಡಿ. ಅದಿರು ಇಳಿಸಿದ ಹಡಗು ಕಲ್ಲಿದ್ದಲನ್ನೋ ಸುಣ್ಣದ ಕಲ್ಲನ್ನೋ ತುಂಬಿಕೊಂಡು ವಾಪಸಾಗುತ್ತಿತ್ತು. 'ಹೋದವು' ಅಂಕಣದಲ್ಲಿ ಸರಕು ಬರೆಯದಿದ್ದರೂ 'ಬಂದವು' ಅಂಕಣದಲ್ಲಿ ಯಾವ ಊರಿನಿಂದ ಬಂತು ಎಂದಿದ್ದರೆ ಅರ್ಧ ಸುಳಿವು ಸಿಕ್ಕಂತೆ.

ಹಂತ 6: ತೂಕ. ಇಲ್ಲಿ ನಿಧಾನ

ಬರುವ ಪ್ರಶ್ನೆಗಳಲ್ಲಿ ಬಹುಪಾಲು ಇಲ್ಲಿಂದಲೇ. ಹಾಗಾಗಿ ಕಂಪನಿಯ ಪತ್ರದಲ್ಲೋ ಲೆಕ್ಕದ ಪುಸ್ತಕದಲ್ಲೋ ಕಾಣುವಂಥ ಒಂದು ಸಾಲನ್ನು ಬಿಡಿಸಿ ತೋರಿಸುತ್ತೇನೆ. ಇದು ನಾನೇ ಮಾಡಿದ ಮಾದರಿ ಸಾಲು, ಯಾವ ಪುಸ್ತಕದ್ದೂ ಅಲ್ಲ:

'12 ಇನ್‌ಸ್ಟ್. ಪರ್ ಮೇರಿ ಆ್ಯನ್. 60–3–2–14. ಅಟ್ 13–12–6.'

'ಇನ್‌ಸ್ಟ್' ಅಂದರೆ ಇದೇ ತಿಂಗಳು, ನಮ್ಮ ಹಳೆ ಕಾಗದದ 'ಪ್ರಸ್ತುತ ಮಾಹೆ'. 'ಅಲ್ಟ್' ಎಂದಿದ್ದರೆ ಕಳೆದ ತಿಂಗಳು, 'ಪ್ರಾಕ್ಸ್' ಎಂದಿದ್ದರೆ ಬರುವ ತಿಂಗಳು. ಪತ್ರದ ದಿನಾಂಕ ನೋಡದೆ ಈ ಸಾಲನ್ನು ಮಾತ್ರ ನಕಲು ಮಾಡಿಕೊಂಡರೆ ತಿಂಗಳು ಕಳೆದುಹೋಯಿತು. '7ಬರ್' ಎಂದು ಕಂಡರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. '8ಬರ್' ಅಕ್ಟೋಬರ್.

'ಪರ್' ಅಂದರೆ ಆ ಹಡಗಿನ ಮೂಲಕ.

60–3–2–14 ಅಂದರೆ 60 ಟನ್, 3 ಹಂಡ್ರೆಡ್‌ವೇಟ್, 2 ಕ್ವಾರ್ಟರ್, 14 ಪೌಂಡ್. ಹಂಡ್ರೆಡ್‌ವೇಟ್ ಎಂಬ ಹೆಸರಿನಲ್ಲಿ 'ನೂರು' ಇದ್ದರೂ ಅದು 112 ಪೌಂಡ್. ಕ್ವಾರ್ಟರ್ ಅದರ ಕಾಲು ಭಾಗ, 28 ಪೌಂಡ್. ಟನ್ನಿಗೆ 20 ಹಂಡ್ರೆಡ್‌ವೇಟ್. ಒಟ್ಟು 1,34,806 ಪೌಂಡ್, ಸುಮಾರು 61,147 ಕಿಲೋ.

ಆದರೆ ಒಂದು ನಿಮಿಷ. ಅದಿರಿನ ವ್ಯಾಪಾರದಲ್ಲಿ ಟನ್ನಿಗೆ 21 ಹಂಡ್ರೆಡ್‌ವೇಟ್ ಹಿಡಿಯುವ ಪದ್ಧತಿಯೂ ಇತ್ತು. ಸ್ವಾನ್ಸಿಯ ತಾಮ್ರದ ಅದಿರಿನ ಮಾರಾಟದಲ್ಲಿ ಅದೇ ರೂಢಿ. ನಿಮ್ಮ ಪುಸ್ತಕ 21ರದ್ದಾಗಿದ್ದರೆ ಮೇಲಿನ ಸರಕು ಸುಮಾರು 64,195 ಕಿಲೋ ಆಗುತ್ತದೆ. ಮೂರು ಟನ್ ವ್ಯತ್ಯಾಸ! ಪುಸ್ತಕ ಯಾವುದರದ್ದು ಎಂದು ತಿಳಿಯಲು ಸುಲಭ ಉಪಾಯ: ಕೂಡಿಸಿದ ಪುಟ ಹುಡುಕಿ, ಹಂಡ್ರೆಡ್‌ವೇಟ್ ಕಾಲಂ ನೋಡಿ. ಅಲ್ಲಿ ಎಲ್ಲಾದರೂ 20 ಎಂಬ ಅಂಕಿ ಉಳಿದಿದ್ದರೆ ಗುಮಾಸ್ತ 21ಕ್ಕೆ ಮುಂದಿನ ಟನ್ನಿಗೆ ಏರಿಸುತ್ತಿದ್ದಾನೆ ಎಂದರ್ಥ.

13–12–6 ಅಂದರೆ ಟನ್ನಿಗೆ 13 ಪೌಂಡ್ 12 ಶಿಲ್ಲಿಂಗ್ 6 ಪೆನ್ಸ್. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗ್‌ಗೆ 12 ಪೆನ್ಸ್. ರೂಪಾಯಿ–ಆಣೆ–ಪೈ ಲೆಕ್ಕ ಅಜ್ಜನಿಂದ ಕಲಿತವರಿಗೆ ಕಷ್ಟವಾಗದು. 60 ಟನ್ನಿಗೆ 817 ಪೌಂಡ್ 10 ಶಿಲ್ಲಿಂಗ್. ಮಿಕ್ಕ ಚೂರಿನ ಬೆಲೆ ಬೇರೆ. ತೂಕದ ಪೌಂಡ್, ದುಡ್ಡಿನ ಪೌಂಡ್ ಎರಡೂ ಒಂದೇ ಶೀಟಿನಲ್ಲಿ ಬರುವುದರಿಂದ ಕಾಲಂ ಹೆಸರಿನಲ್ಲೇ ಯಾವುದೆಂದು ಬರೆದಿಡಿ.

ಇನ್ನೊಂದು ಟನ್ ಇದೆ. ಹಡಗಿನ ನೋಂದಣಿಯಲ್ಲಿ ಬರುವ ಟನ್ ತೂಕವೇ ಅಲ್ಲ, ಹಡಗಿನ ಒಳಜಾಗದ ಅಳತೆ. 1854ರ ಕಾಯ್ದೆಯ ಪ್ರಕಾರ 100 ಘನ ಅಡಿಗೆ ಒಂದು ಟನ್. '45 ಟನ್ ಹಡಗಿನಲ್ಲಿ 60 ಟನ್ ಅದಿರು ಹೇಗೆ ಹಿಡಿಸಿತು, ದಾಖಲೆ ಸುಳ್ಳಿರಬೇಕು' ಎಂದು ಒಬ್ಬರು ವಾದಕ್ಕೇ ಇಳಿದಿದ್ದರು. ದಾಖಲೆ ಸರಿಯೇ ಇತ್ತು. ಗಲೀನಾ ನೀರಿಗಿಂತ ಏಳೂವರೆ ಪಟ್ಟು ಭಾರ. ಒಂದು ಘನ ಅಡಿ ಅಪ್ಪಟ ಗಲೀನಾ ಇನ್ನೂರು ಕಿಲೋ ದಾಟುತ್ತದೆ. ಅಗೆದು, ಕುಟ್ಟಿ, ತೊಳೆದ ಅದಿರಿನ ಪುಡಿಯಲ್ಲಿ ಸಂದು ಇರುವುದರಿಂದ ಅಷ್ಟು ತೂಗದು. ಆದರೂ ಹಡಗಿನ ತಳದಲ್ಲಿ ಗಿಡ್ಡ ರಾಶಿಯಾಗಿ ಕೂರುತ್ತದೆ, ಮೇಲೆಲ್ಲ ಖಾಲಿ. ನೋಡಿದವರಿಗೆ ಅರ್ಧವೂ ತುಂಬಿಲ್ಲ ಅನ್ನಿಸುತ್ತದೆ, ಹಡಗು ಮಾತ್ರ ಅಂಚಿನವರೆಗೆ ಇಳಿದಿರುತ್ತದೆ. ಎಲ್ಲ ಭಾರವೂ ತಳದಲ್ಲಿದ್ದರೆ ಅಲೆಗೆ ಹಡಗು ಜಗ್ಗಿ ಜಗ್ಗಿ ಹೊಯ್ದಾಡುತ್ತದೆ. ನಾವಿಕರಿಗೆ ಇಂಥ ಸರಕು ಇಷ್ಟವಿರಲಿಕ್ಕಿಲ್ಲ.

ಕಾರ್ಡಿಗನ್‌ಶೈರ್ ಬಿಟ್ಟು ಉತ್ತರ ಇಂಗ್ಲೆಂಡಿನ ಕಂಪನಿ ಹಿಡಿದಿದ್ದರೆ (1692ರಲ್ಲಿ ಸನ್ನದು ಪಡೆದ ಲಂಡನ್ ಲೆಡ್ ಕಂಪನಿಯ ಬಗ್ಗೆ ಕೇಳುವವರಿದ್ದಾರೆ) ಅಳತೆಗಳೇ ಬೇರೆ. ಅಲ್ಲಿ ಅದಿರಿಗೆ 'ಬಿಂಗ್', ಅಂದರೆ 8 ಹಂಡ್ರೆಡ್‌ವೇಟ್. ಕರಗಿಸಿದ ಸೀಸಕ್ಕೆ 'ಫಾದರ್' ಎಂಬ ಅಳತೆ. ನ್ಯೂಕಾಸಲ್‌ನಲ್ಲಿ ಫಾದರಿಗೆ 21 ಹಂಡ್ರೆಡ್‌ವೇಟ್, ಲಂಡನ್ನಿನಲ್ಲಿ ಹತ್ತೊಂಬತ್ತೂವರೆ. ನ್ಯೂಕಾಸಲ್‌ನಲ್ಲಿ ನೂರು ಫಾದರ್ ಹತ್ತಿ ಲಂಡನ್ನಿನಲ್ಲಿ ನೂರಾ ಏಳಕ್ಕಿಂತ ಜಾಸ್ತಿ ಇಳಿದರೆ ಯಾರೂ ಸೇರಿಸಿದ್ದಲ್ಲ. ನಮ್ಮಲ್ಲಿ ಊರಿಗೊಂದು ಸೇರು, ಸೀಮೆಗೊಂದು ಮಣ ಇದ್ದಂತೆ. ಅಲ್ಲಿ ಹಡಗು ಹತ್ತುತ್ತಿದ್ದದ್ದು ಅದಿರಲ್ಲ, ಸೀಸದ ಗಟ್ಟಿಗಳು. ಅದನ್ನೂ ನೆನಪಿಡಿ.

ಹಂತ 7: ಕೈಬರಹದ ಕಾಗದಗಳು

ಇಷ್ಟು ಆದ ಮೇಲೆ ಮಾತ್ರ ಪತ್ರಾಗಾರಕ್ಕೆ ಬರೆಯಿರಿ. ಗಣಿ ಕಂಪನಿಯ ಸ್ವಂತ ಕಿರ್ದಿ, ಖಾತೆ ಪುಸ್ತಕಗಳು ಕಂಪನಿ ಮುಳುಗಿದಾಗ ರದ್ದಿಗೆ ಹೋದದ್ದೇ ಹೆಚ್ಚು. ಜಮೀನ್ದಾರರ ಕಾಗದ ಉಳಿದಿರುತ್ತದೆ. ಯಾಕೆಂದರೆ ಅವರಿಗೆ ರಾಜಧನ ಬರಬೇಕಿತ್ತು. ಎಷ್ಟು ಅದಿರು ಮಾರಾಟವಾಯಿತು ಎಂಬುದರ ಮೇಲೆ ಅವರ ಪಾಲು. ಹಾಗಾಗಿ ಲೆಕ್ಕದ ಮೇಲೆ ಅವರಿಗೆ ಹದ್ದಿನ ಕಣ್ಣು. ಲಿಸ್ಬರ್ನ್ ಮನೆತನದ ಕ್ರಾಸ್‌ವುಡ್ ಎಸ್ಟೇಟಿನ ಕಾಗದಗಳು ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಪಕ್ಕದ ಗೊಗೆರ್ಥನ್, ನಾಂಟಿಯೋಸ್ ಎಸ್ಟೇಟುಗಳದ್ದೂ ಅಲ್ಲೇ. ಕ್ರಾಸ್‌ವುಡ್‌ಗೆ ವೆಲ್ಷ್ ಹೆಸರು ಟ್ರಾಸ್‌ಗೋಡ್. ಎರಡೂ ಹೆಸರಿನಲ್ಲಿ ಹುಡುಕಿ.

ಕ್ಯೂನಲ್ಲಿ ಬಿಟಿ 31 ಎಂಬ ಸರಣಿಯಲ್ಲಿ ಮುಚ್ಚಿದ ಕಂಪನಿಗಳ ಕಡತಗಳಿವೆ ಎಂದು ಕೇಳಿ ಖುಷಿಯಿಂದ ನಕಲು ತರಿಸಿಕೊಳ್ಳುವವರಿದ್ದಾರೆ. ಅದರಲ್ಲಿ ಷೇರುದಾರರ ಪಟ್ಟಿ, ನೋಂದಣಿ ಕಾಗದ ಇರುತ್ತದೆ. ಹಡಗಿನ ಸುದ್ದಿ ಇರುವುದಿಲ್ಲ. ಸುಮ್ನೆ ಖರ್ಚು.

ಪತ್ರಗಳ ಪುಸ್ತಕ ಸಿಕ್ಕರೆ ಅದೃಷ್ಟ. ಕಳಿಸಿದ ಪ್ರತಿ ಪತ್ರದ ಪಡಿಯಚ್ಚು ಅದರಲ್ಲಿರುತ್ತದೆ. 1780ರಲ್ಲಿ ಜೇಮ್ಸ್ ವಾಟ್ ಪೇಟೆಂಟ್ ಪಡೆದ ಉಪಾಯ ಅದು: ಬರೆದ ಪತ್ರದ ಮೇಲೆ ಒದ್ದೆ ಮಾಡಿದ ತೆಳು ಹಾಳೆ ಇಟ್ಟು ಒತ್ತುವುದು. ಶಾಯಿ ತಿರುವುಮುರುವಾಗಿ ಅಂಟುತ್ತದೆ, ಹಾಳೆ ತೆಳುವಾದ್ದರಿಂದ ಇನ್ನೊಂದು ಬದಿಯಿಂದ ನೇರವಾಗಿ ಓದಬಹುದು. ಆದರೆ ಕೆಳಗಿನ ಪುಟದ ಬರಹವೂ ಮೇಲಕ್ಕೆ ಕಾಣುತ್ತದೆ. ಎರಡು ಪತ್ರ ಒಂದರ ಮೇಲೊಂದು ಹೆಣೆದುಕೊಂಡು ಕಣ್ಣು ಮಂಜಾಗುತ್ತದೆ. ನಕಲು ಕೇಳುವಾಗ 'ಪ್ರತಿ ಹಾಳೆಯ ಹಿಂದೆ ಬಿಳಿ ಕಾಗದ ಇಟ್ಟು ಫೋಟೋ ತೆಗೆಯಲಾಗುತ್ತದೆಯೇ?' ಎಂದು ಮೊದಲೇ ಕೇಳಿ. ನೀವೇ ಹೋಗಿದ್ದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳದೆ ಏನನ್ನೂ ತೂರಿಸಬೇಡಿ. ಆ ಹಾಳೆ ಈರುಳ್ಳಿ ಸಿಪ್ಪೆಯಂತೆ ಹರಿಯುತ್ತದೆ.

ಕಾಗದಗಳಲ್ಲಿ ಕಾಣುವ ಎರಡು ಮೂರು ಮಾತು. 'ಬಿಲ್ ಆಫ್ ಲೇಡಿಂಗ್' ಅಂದರೆ ಇಷ್ಟು ಸರಕು ಹಡಗಿಗೆ ಹತ್ತಿತು ಎಂದು ಕಪ್ತಾನ ಸಹಿ ಹಾಕಿದ ರಶೀದಿ. 'ಫ್ರೈಟ್' ಅಂದರೆ ಹಡಗಿನ ಬಾಡಿಗೆ. 'ಬಿಲ್ ಅಟ್ ತ್ರೀ ಮಂತ್ಸ್' ಎಂದು ಬರೆದಿದ್ದರೆ ಅದು ಮೂರು ತಿಂಗಳ ಗಡುವಿನ ಹುಂಡಿ. ಮಾರಾಟದ ಹಣ ಖಾತೆಗೆ ಬಂದ ದಿನವನ್ನೇ ರವಾನೆಯ ದಿನ ಎಂದುಕೊಂಡರೆ ಮೂರು ತಿಂಗಳು ತಪ್ಪುತ್ತೀರಿ.

ಹಂತ 8: ತಾಳೆ ಹಾಕುವುದು

ಈಗ ಮಾರಾಟ, ಹಡಗು, ಸಿಬ್ಬಂದಿ ಪಟ್ಟಿ ಈ ಮೂರರ ಹಾಳೆಗಳನ್ನು ಪಕ್ಕಪಕ್ಕ ಇಡಿ. ಪ್ರತಿ ಜೋಡಿಗೂ ಒಂದು ಗುರುತು ಕೊಡಿ. ನಾನು ಹೀಗೆ ಮಾಡುತ್ತೇನೆ: ಹಡಗಿನ ಹೆಸರು, ದಿನಾಂಕ, ತೂಕ ಮೂರೂ ಕೂಡಿದರೆ 'ಖಚಿತ'. ಎರಡು ಕೂಡಿದರೆ 'ಇರಬಹುದು'. ದಿಕ್ಕು ಮತ್ತು ತಿಂಗಳು ಮಾತ್ರ ಕೂಡಿದರೆ 'ಊಹೆ'. ಊಹೆಯ ಸಾಲನ್ನು ಬೇರೆ ಬಣ್ಣದಲ್ಲಿಡಿ. ಬರೆಯುವಾಗ ಅದನ್ನು ಖಚಿತದ ಜೊತೆ ಬೆರೆಸಬೇಡಿ.

ತೂಕ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ. ಗಣಿಯಲ್ಲಿ ತೂಗಿದ ಅದಿರು ಒದ್ದೆ ಇರುತ್ತದೆ, ಧಕ್ಕೆಯಲ್ಲಿ ವಾರ ಕೂತರೆ ಒಣಗುತ್ತದೆ, ಗಾಡಿಯಿಂದ ಸೋರುತ್ತದೆ. ಎರಡೂ ಕಡೆ ಪೌಂಡಿನವರೆಗೆ ಕರಾರುವಾಕ್ಕಾಗಿ ಒಂದೇ ತೂಕ ಇದ್ದರೆ ನನಗೆ ಅನುಮಾನ. ಒಬ್ಬರು ಇನ್ನೊಬ್ಬರ ಪುಸ್ತಕ ನೋಡಿ ಬರೆದುಕೊಂಡಿದ್ದಾರೆ, ಮತ್ತೆ ತೂಗಿಲ್ಲ.

ಪತ್ರಾಗಾರಕ್ಕೆ ಬರೆಯುವ ಇಮೇಲ್ ಚಿಕ್ಕದಿರಲಿ. 'ಲಿಸ್ಬರ್ನ್ ಗಣಿಗಳ ಬಗ್ಗೆ ಇರುವುದೆಲ್ಲ ಕಳಿಸಿ' ಎಂದರೆ ಕ್ಯಾಟಲಾಗಿನ ಕೊಂಡಿ ಕಳಿಸಿ ಸುಮ್ಮನಾಗುತ್ತಾರೆ, ಅದು ನ್ಯಾಯವೇ. ಬದಲಿಗೆ ಹೀಗೆ ಕೇಳಿ: ಇಂಥ ಅಧಿಕೃತ ಸಂಖ್ಯೆಯ ಹಡಗು, 1859ರ ಮೊದಲ ಆರು ತಿಂಗಳ ಪಟ್ಟಿ, ಬಿಟಿ 98ರಲ್ಲಿ ಇದೆಯೇ, ಎಷ್ಟು ಪುಟ, ನಕಲಿಗೆ ಎಷ್ಟಾಗುತ್ತದೆ. ಒಂದು ಇಮೇಲಿಗೆ ಒಂದು ಹಡಗು. ಉತ್ತರ ಬರಲು ಎರಡು ಮೂರು ವಾರ ಹಿಡಿಯಬಹುದು. ಅಷ್ಟರಲ್ಲಿ ಅಬ್ಸರ್ವರ್‌ನ ಮುಂದಿನ ಆರು ತಿಂಗಳ ಸಂಚಿಕೆ ಓದಿ ಮುಗಿಸಿರಿ.